ಕಮ್ಮಾರನ ಮಗ ಮತ್ತು ನಮ್ಮ ಉಕ್ಕು

ನಮ್ಮ ಊರು ನಿಪ್ಪಾಣಿ ತಾಲೂಕಿನಲ್ಲಿದೆ. ಅಬ್ಬಾ ಗಡಿಯಾಚೆಯ ಒಂದು ಕಾರ್ಖಾನೆಯಲ್ಲಿ ಭಟ್ಟಿಯ ಮುಂದೆ ಕೆಲಸ ಮಾಡುತ್ತಾರೆ. ಗಿಯರುಗಳನ್ನು ಲೋಹದ ಟ್ರೇಯಲ್ಲಿ ಜೋಡಿಸಿ, ಸುಮಾರು 930 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ, ಇಂಗಾಲ ತುಂಬಿದ ಅನಿಲದೊಳಗೆ ಗಂಟೆಗಟ್ಟಲೆ ಇಡುತ್ತಾರೆ. ಇಂಗಾಲ ಗಿಯರಿನ ಮೈಯೊಳಗೆ ಇಳಿದು ಅದನ್ನು ಗಟ್ಟಿ ಮಾಡುತ್ತದೆ. ಅದೇ ಇಂಗಾಲ ಟ್ರೇಯೊಳಗೂ ಇಳಿದರೆ ಟ್ರೇ ಬಳಪದ ಕಡ್ಡಿಯಂತೆ ಮುರಿಯುತ್ತದೆ. ಕಳೆದ ಮಳೆಗಾಲದಲ್ಲಿ ಹಾಗೆ ಮುರಿದದ್ದು ಅಬ್ಬಾನ ಪಾದದ ಮೇಲೆ ಬಿತ್ತು. ಎರಡು ತಿಂಗಳು ಮನೆಯಲ್ಲಿದ್ದರು. ಗಣಿತದಲ್ಲಿ ಫೇಲಾಗಿದ್ದ ನಾನು ಕಾಲೇಜು ಬಿಟ್ಟು ಕೆಲಸಕ್ಕೆ ಸೇರಲು ತಯಾರಾಗಿದ್ದೆ. ಆಗ ರಸಾಯನಶಾಸ್ತ್ರದ ಸರ್ ನನ್ನ ಕೈಗೆ ಮೈಕೆಲ್ ಫ್ಯಾರಡೆಯ ಜೀವನಚರಿತ್ರೆ ಕೊಟ್ಟರು.

ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಲಂಡನ್ ಬಳಿ. ತಂದೆ ಕಮ್ಮಾರ, ಅದರಲ್ಲೂ ಕಾಯಿಲೆಯ ಮನುಷ್ಯ. ಹುಡುಗ ಓದು ಬರಹದಷ್ಟು ಕಲಿತು ಶಾಲೆ ಬಿಟ್ಟ. 14ನೇ ವಯಸ್ಸಿಗೆ ಪುಸ್ತಕ ಹೊಲಿಯುವ ಅಂಗಡಿಯಲ್ಲಿ ಏಳು ವರ್ಷದ ಕರಾರಿಗೆ ಸೇರಿದ. ರಟ್ಟು ಕಟ್ಟಲು ಬಂದ ಪುಸ್ತಕಗಳನ್ನೇ ಓದಿದ. 1812ರಲ್ಲಿ ಹಂಫ್ರಿ ಡೇವಿಯ ಉಪನ್ಯಾಸ ಕೇಳಿ, ಟಿಪ್ಪಣಿಗಳನ್ನು ಅಂದವಾಗಿ ಹೊಲಿದು ಅವರಿಗೇ ಕಳಿಸಿದ. ಮರುವರ್ಷ ಮಾರ್ಚಿನಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸಹಾಯಕನ ಕೆಲಸ ಸಿಕ್ಕಿತು. ಗಣಿತ ಆತನಿಗೆ ಕೊನೆಯವರೆಗೂ ಒಲಿಯಲಿಲ್ಲ. (ಇದನ್ನು ಅಮ್ಮಿಗೆ ಎರಡು ಸಲ ಓದಿ ಹೇಳಿದೆ.)

1831ರಲ್ಲಿ ಅಯಸ್ಕಾಂತದಿಂದ ವಿದ್ಯುತ್ ಹುಟ್ಟಿಸಿದ ಕಥೆ ನಮ್ಮ ಭೌತಶಾಸ್ತ್ರದ ಪಠ್ಯದಲ್ಲಿದೆ. ಪಠ್ಯದಲ್ಲಿಲ್ಲದ್ದು ಅದಕ್ಕೂ ಮೊದಲಿನ ಭಟ್ಟಿಯ ದಿನಗಳು. ಮುಂಬಯಿಯಿಂದ ಡಾಕ್ಟರ್ ಹೆಲೆನಸ್ ಸ್ಕಾಟ್ ಎಂಬವರು 1794ರಲ್ಲಿ ಇಂಗ್ಲೆಂಡಿಗೆ ಒಂದು ಬಗೆಯ ಉಕ್ಕನ್ನು ಕಳಿಸಿದ್ದರು. ಅಲ್ಲಿಯವರು ಅದನ್ನು ವೂಟ್ಜ್ ಎಂದರು. ನಮ್ಮ ಉಕ್ಕು ಎಂಬ ಮಾತೇ ಹಾಗಾಯಿತೆಂದು ಬಲ್ಲವರು ಹೇಳುತ್ತಾರೆ. ಮೈಸೂರು ಸೀಮೆಯ ಕುಶಲಿಗಳು ಕಬ್ಬಿಣದ ತುಂಡನ್ನು ತಂಗಡಿ ಕಡ್ಡಿ ಮತ್ತು ಹಸಿ ಎಲೆಯ ಜೊತೆ ಮಣ್ಣಿನ ಮೂಸೆಯಲ್ಲಿ ಮುಚ್ಚಿ ಕಾಯಿಸುತ್ತಿದ್ದರು. ಕಡ್ಡಿಯ ಇಂಗಾಲ ಕಬ್ಬಿಣಕ್ಕೆ ಇಳಿದು ಉಕ್ಕಾಗುತ್ತಿತ್ತು. 1800ರ ಸುಮಾರಿಗೆ ಬಂದ ಫ್ರಾನ್ಸಿಸ್ ಬುಕಾನನ್ ಇದನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಅಥಣಿ, ರಾಯಬಾಗ ಕಡೆಯ ಗೆಳೆಯರು ಕುಳ ಹಣಿಸುವುದನ್ನು ನೋಡಿರುತ್ತೀರಿ. ಅದಕ್ಕೂ ಇದಕ್ಕೂ ಬೆಂಕಿ ಒಂದೇ, ಮೂಸೆಯ ಜಾಣ್ಮೆ ಬೇರೆ.

ಫ್ಯಾರಡೆ 1819ರಲ್ಲಿ ಈ ಉಕ್ಕಿನ ವಿಶ್ಲೇಷಣೆ ಪ್ರಕಟಿಸಿದ. ಅದರ ಗುಣಕ್ಕೆ ಅಲ್ಯೂಮಿನಿಯಂ ಕಾರಣವೆಂದು ಬಗೆದ. ಅದು ತಪ್ಪು, ಕಾರಣ ಇಂಗಾಲವೇ. ಆದರೆ ಆ ತಪ್ಪು ದಾರಿಯಲ್ಲೇ ದೊಡ್ಡ ವಸ್ತು ಸಿಕ್ಕಿತು. ಚಾಕು ತಯಾರಕ ಜೇಮ್ಸ್ ಸ್ಟೋಡಾರ್ಟ್ ಜೊತೆ ಸೇರಿ ಉಕ್ಕಿಗೆ ಬೆಳ್ಳಿ, ಪ್ಲಾಟಿನಂ, ನಿಕ್ಕಲ್, ಕ್ರೋಮಿಯಂ ಬೆರೆಸಿ ನೋಡಿದ. 1820 ಮತ್ತು 1822ರಲ್ಲಿ ವರದಿಗಳು ಬಂದವು. 1823ರಲ್ಲಿ ಸ್ಟೋಡಾರ್ಟ್ ತೀರಿಕೊಂಡರು, ಕೆಲಸ ನಿಂತಿತು. ಆ ಮಾದರಿಗಳು ಒಂದು ಮರದ ಪೆಟ್ಟಿಗೆಯಲ್ಲಿ ನೂರು ವರ್ಷ ಮಲಗಿದವು. 1931ರ ಹೊತ್ತಿಗೆ ರಾಬರ್ಟ್ ಹ್ಯಾಡ್‌ಫೀಲ್ಡ್ ಅವುಗಳನ್ನು ಪರೀಕ್ಷಿಸಿದರು, 79 ಚೂರುಗಳಿದ್ದವು.

ಫ್ಯಾರಡೆಗೆ ಗೊತ್ತಿರಲಿಲ್ಲ, ಅಬ್ಬಾನ ಭಟ್ಟಿಯ ಟ್ರೇಗೆ ಬೇಕಾದದ್ದೂ ಅವೇ ನಿಕ್ಕಲ್ ಮತ್ತು ಕ್ರೋಮಿಯಂ ಎಂದು. ಆತ ಬೆರೆಸಿದ್ದು ಕೆಲವೇ ಶೇಕಡಾ. ಇಂದಿನ ಟ್ರೇಗಳಲ್ಲಿ ಸಾಮಾನ್ಯವಾಗಿ ಶೇ. 35ರಷ್ಟು ನಿಕ್ಕಲ್, ಶೇ. 20ರ ಆಸುಪಾಸು ಕ್ರೋಮಿಯಂ ಇರುತ್ತದೆ. ಕ್ರೋಮಿಯಂ ಮೇಲೆ ಆಕ್ಸೈಡಿನ ತೆಳು ಪೊರೆ ಕಟ್ಟಿ ಇಂಗಾಲವನ್ನು ಬಾಗಿಲಲ್ಲೇ ತಡೆಯುತ್ತದೆ. ನಿಕ್ಕಲ್ ಹೆಚ್ಚಿದಷ್ಟೂ ಒಳಗೆ ಇಂಗಾಲಕ್ಕೆ ಜಾಗ ಕಡಿಮೆ. ಆದರೂ ಸಾವಿರಾರು ಸಲ ಕಾದು ತಣಿದಾಗ ಪೊರೆ ಬಿರಿಯುತ್ತದೆ. ಇಂಗಾಲ ನುಗ್ಗಿ ಕ್ರೋಮಿಯಂ ಅನ್ನೇ ಕಾರ್ಬೈಡ್ ಮಾಡಿ ಹಿಡಿದಿಡುತ್ತದೆ. ಹೊರಗಿನಿಂದ ನೋಡಿದರೆ ಟ್ರೇ ನೆಟ್ಟಗೇ ಕಾಣುತ್ತದೆ.

ಫ್ಯಾರಡೆ 1867ರ ಆಗಸ್ಟ್ 25ರಂದು ತೀರಿಕೊಂಡ. ಪೂರಕ ಪರೀಕ್ಷೆಯಲ್ಲಿ ನಾನು ಗಣಿತ ಪಾಸಾದೆ, 38 ಅಂಕ.

ಅಬ್ಬಾ ಆ ಮುರಿದ ಟ್ರೇಯ ಚೂರೊಂದನ್ನು ತಂದಿಟ್ಟಿದ್ದರು. ಕಾಲೇಜಿನ ಲ್ಯಾಬಿಗೆ ಒಯ್ದು ಅಯಸ್ಕಾಂತ ಹಿಡಿದೆವು. ಇಂಥ ಮಿಶ್ರಲೋಹ ಹೊಸದಾಗಿದ್ದಾಗ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಕ್ರೋಮಿಯಂ ಕಾರ್ಬೈಡಾಗಿ ಹೋದ ಮೇಲೆ ಅಂಟುತ್ತದೆ. ನಮ್ಮ ಚೂರು ಟಕ್ಕನೆ ಅಂಟಿತು. ಮರುದಿನ ಅಬ್ಬಾ ಒಂದು ಸಣ್ಣ ಅಯಸ್ಕಾಂತವನ್ನು ಡಬ್ಬಿಯ ಜೊತೆ ಚೀಲದಲ್ಲಿ ಹಾಕಿಕೊಂಡು ಡ್ಯೂಟಿಗೆ ಹೋದರು.