ನೈದಿಲೆಗೊಳದ ಚಿತ್ರಕಾರ

ತೋಟವನ್ನು ಕಂಡು ಚಿತ್ರ ಬರೆದವರು ಹಲವರು. ಫ್ರಾನ್ಸಿನ ಕ್ಲೋದ್ ಮೋನೆಯಾದರೋ ಕೊಳವೊಂದನ್ನು ತಾನೇ ತೋಡಿಸಿ, ಅದರಲ್ಲಿ ನೈದಿಲೆ ಬೆಳೆಸಿ, ಬಾಳಿನ ಕೊನೆಯ ಮೂವತ್ತು ವರ್ಷಗಳನ್ನು ಅದಕ್ಕೇ ಸಲ್ಲಿಸಿದನು.

1840ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಮೋನೆ ಬೆಳೆದದ್ದು ಕಡಲತಡಿಯ ಲ ಹಾವ್ರ್ ಪಟ್ಟಣದಲ್ಲಿ. ಕ್ಷಣಕ್ಷಣಕ್ಕೂ ಮಾರ್ಪಡುವ ಬೆಳಕನ್ನು ಬಣ್ಣದಲ್ಲಿ ಹಿಡಿಯಹೊರಟ ಆತನನ್ನೂ ಆತನ ಗೆಳೆಯರನ್ನೂ ವಿಮರ್ಶಕರು 1874ರಲ್ಲಿ ಗೇಲಿಮಾಡಿದರು. ಬಡತನದ ನಡುವೆಯೇ 1879ರಲ್ಲಿ ಮೊದಲ ಹೆಂಡತಿ ತೀರಿಕೊಂಡಳು. 1883ರಲ್ಲಿ ಜಿವೆರ್ನಿ ಎಂಬ ಹಳ್ಳಿಗೆ ಬಂದು ನೆಲಸಿದ ಮೇಲೆ ಆತನಿಗೆ ನೆಮ್ಮದಿಯೂ ಕೀರ್ತಿಯೂ ಒದಗಿದವು.

1893ರಲ್ಲಿ ರೈಲುದಾರಿಯ ಆಚೆಗಿದ್ದ ತುಂಡುನೆಲವನ್ನು ಕೊಂಡು, ಎಪ್ತ್ ಹೊಳೆಯ ಕವಲಿನಿಂದ ಅಲ್ಲಿಗೆ ನೀರು ತಿರುಗಿಸಲು ಅನುಮತಿ ಬೇಡಿದನು. ಹಳ್ಳಿಗರು ತಕರಾರು ತೆಗೆದರು. ಪರದೇಶದ ಗಿಡಗಳಿಂದ ನೀರು ಕೆಟ್ಟೀತೆಂಬುದು ಅವರ ಅಂಜಿಕೆ. ಆ ನೀರನ್ನೇ ನೆಚ್ಚಿ ಬದುಕಿದ್ದವರಿಗೆ ಅದು ಸಹಜವೇ. ಕೊನೆಗೆ ಅನುಮತಿ ದೊರೆಯಿತು.

ಯೂರೋಪಿನ ಚಳಿಯನ್ನು ತಾಳುವ ನೈದಿಲೆಯೆಂದರೆ ಆವರೆಗೆ ಬಿಳಿಯದೊಂದೇ. ದಕ್ಷಿಣ ಫ್ರಾನ್ಸಿನ ಲತೂರ್-ಮರ್ಲಿಯಾಕ್ ಎಂಬಾತನು ಅಮೆರಿಕದ ಜಾತಿಗಳನ್ನು ಬೆರಸಿ ಹಳದಿ, ನಸುಗೆಂಪು, ಕೆಂಪು ತಳಿಗಳನ್ನು ಪಡೆದು, 1889ರಲ್ಲಿ ಪ್ಯಾರಿಸ್ಸಿನ ಮಹಾಪ್ರದರ್ಶನದಲ್ಲಿ ಮುಂದಿಟ್ಟಿದ್ದನು. ಮೋನೆ ಗಿಡ ತರಿಸಿದ್ದು ಆತನಿಂದಲೇ. ಮೇಲೆ ಹಿಮ ಕವಿದರೂ ಇವುಗಳ ಗೆಡ್ಡೆ ಕೆಸರಿನಲ್ಲಿ ಜೀವ ಹಿಡಿದಿರುತ್ತದೆ. ಆದರೆ ಹೂ ಬಿಡಬೇಕಾದರೆ ತುಂಬು ಬಿಸಿಲೂ ನಿಂತ ನೀರೂ ಬೇಕು. ಹರಿಯುವ ತಣ್ಣೀರು ಒಗ್ಗದು. ಎಲೆ ಹಬ್ಬಿ ನೀರನ್ನೆಲ್ಲ ಮುಚ್ಚಿದರೆ ಮುಗಿಲಿನ ನೆರಳಿಗೆ ಎಡೆಯಿಲ್ಲ. ಅದಕ್ಕಾಗಿ ದೋಣಿಯಲ್ಲಿ ಕುಳಿತು ಎಲೆಗಳನ್ನು ಸವರಿ ಶುಚಿಗೊಳಿಸಲೆಂದೇ ಒಬ್ಬ ಮಾಲಿಯಿದ್ದನು. ಬೀದಿಯ ದೂಳು ಹೂವಿನ ಮೇಲೆ ಕೂರದಂತೆ ಮೋನೆ ತನ್ನ ಹಣದಿಂದಲೇ ರಸ್ತೆಗೆ ಟಾರು ಹಾಕಿಸಿದನು.

1911ರಲ್ಲಿ ಎರಡನೆಯ ಹೆಂಡತಿ ಆಲಿಸ್, 1914ರಲ್ಲಿ ಹಿರಿಯ ಮಗ ಜಾನ್ ಗತಿಸಿದರು. ಆತನ ಕಣ್ಣಿಗೆ ಪೊರೆ ಬಂದು ಬಣ್ಣಗಳೇ ಮೋಸಮಾಡತೊಡಗಿದವು. ಮಹಾಯುದ್ಧ ನಡೆದಿರುವಾಗಲೇ ಮುದುಕನು ಗೋಡೆಯಗಲದ ನೈದಿಲೆ ಚಿತ್ರಗಳಿಗೆ ಕೈಯಿಕ್ಕಿದನು. 1918ರಲ್ಲಿ ಯುದ್ಧ ನಿಂತ ಮರುದಿನ, ಗೆಳೆಯ ಕ್ಲೆಮಾನ್ಸೋವಿನ ಮೂಲಕ, ಅವುಗಳಲ್ಲಿ ಎರಡನ್ನು ರಾಷ್ಟ್ರಕ್ಕೆ ಕೊಡಮುಂದಾದನು. ಬರಬರುತ್ತ ಆ ಕೊಡುಗೆ ಬೆಳೆಯಿತು. 1923ರಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆಯಾಯಿತು. ತಿದ್ದಿದಷ್ಟೂ ತೃಪ್ತಿಯಿಲ್ಲದೆ, ಬದುಕಿರುವತನಕ ಆತನು ಚಿತ್ರಗಳನ್ನು ಕೈಬಿಡಲಿಲ್ಲ.

1926ರ ಡಿಸೆಂಬರಿನಲ್ಲಿ ಮೋನೆ ಕಣ್ಮುಚ್ಚಿದನು. ಮರುವರ್ಷದ ಮೇ ತಿಂಗಳಲ್ಲಿ ಪ್ಯಾರಿಸ್ಸಿನ ಒರಾಂಜೆರಿಯ ಎರಡು ಅಂಡಾಕಾರದ ಕೋಣೆಗಳಲ್ಲಿ ಆ ಚಿತ್ರಗಳು ಜನರಿಗೆ ತೆರೆದವು. ಪಾಳುಬಿದ್ದಿದ್ದ ತೋಟವೂ ದುರಸ್ತಿಗೊಂಡು 1980ರಲ್ಲಿ ತೆರೆಯಿತು. ಊರವರು ಅಂಜಿದ್ದ ಆ ಗಿಡಗಳನ್ನು ನೋಡಲೆಂದೇ ಇಂದು ಲೋಕದ ಮೂಲೆಮೂಲೆಯಿಂದ ಜನ ಆ ಊರಿಗೆ ಬರುತ್ತಾರೆ.