ಮಂಚಿಯ ಹುಡುಗನ ಎರಡನೆಯ ಕಸುಬು: ಬಿ.ವಿ. ಕಾರಂತರ ಸಂಗೀತ

ಬಂಟ್ವಾಳ ತಾಲೂಕಿನ ಮಂಚಿ ಗ್ರಾಮದ ಬಾಬುಕೋಡಿಯಲ್ಲಿ 1929ರ ಸೆಪ್ಟೆಂಬರ್ 19ರಂದು ಜನಿಸಿದ ವೆಂಕಟರಮಣ ಕಾರಂತರನ್ನು ದೇಶ ಗುರುತಿಸಿರುವುದು ನಾಟಕ ನಿರ್ದೇಶಕರೆಂದು. ಆದರೆ ಅವರಿಗೆ ಸಂದ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳನ್ನು ಲೆಕ್ಕ ಹಾಕಿದರೆ ಬೇರೆಯೇ ಚಿತ್ರ ಕಾಣುತ್ತದೆ. 'ವಂಶವೃಕ್ಷ'ದ ನಿರ್ದೇಶನಕ್ಕೆ ಬಂದ ಪ್ರಶಸ್ತಿಯನ್ನು ಅವರು ಗಿರೀಶ್ ಕಾರ್ನಾಡರೊಂದಿಗೆ ಹಂಚಿಕೊಂಡರು. ಸಂಗೀತಕ್ಕೆ ಮಾತ್ರ ಅವರೊಬ್ಬರಿಗೇ ಎರಡು ವರ್ಷ ಒಂದರ ಹಿಂದೊಂದು ಬಂತು: 1976ರ ಸಾಲಿನಲ್ಲಿ 'ಋಷ್ಯಶೃಂಗ'ಕ್ಕೆ, 1977ರ ಸಾಲಿನಲ್ಲಿ 'ಘಟಶ್ರಾದ್ಧ'ಕ್ಕೆ. ಬಣ್ಣ ಹಚ್ಚಿ ಕಸುಬು ಆರಂಭಿಸಿದ ಮನುಷ್ಯ ಹಾಡಿನಲ್ಲಿ ಇಷ್ಟು ದೂರ ಹೋದದ್ದು ಹೇಗೆ ಎಂಬುದನ್ನು ನಮ್ಮ ಓದುಗರ ಮುಂದಿಡುವುದು ನಮ್ಮ ಉದ್ದೇಶ.

ಮೂರನೇ ತರಗತಿಯಲ್ಲಿರುವಾಗ ಪಿ.ಕೆ. ನಾರಾಯಣರ ನಿರ್ದೇಶನದಲ್ಲಿ ಕುವೆಂಪು ಅವರ 'ನನ್ನ ಗೋಪಾಲ' ನಾಟಕದಲ್ಲಿ ಅವರು ಮೊದಲು ರಂಗವೇರಿದರು. ಕಾಡಿನ ದಾರಿಗೆ ಹೆದರುವ ಬಡ ಹುಡುಗನ ಕಥೆ ಅದು. ಊರಿನ ಸುತ್ತ ಆಟಕ್ಕೆ ಬರವಿರಲಿಲ್ಲ. ಪಕ್ಕದ ಬೆಳ್ತಂಗಡಿ ತಾಲೂಕಿನಲ್ಲಿ ಧರ್ಮಸ್ಥಳದ ಮೇಳ, ಇತ್ತ ಮೂಡುಬಿದಿರೆಯಲ್ಲಿ ಹಾಡುವುದಕ್ಕೆಂದೇ ಇರುವ ಸಾಂಗತ್ಯದಲ್ಲಿ ಕಾವ್ಯ ಬರೆದ ರತ್ನಾಕರವರ್ಣಿಯ ನೆನಪು. ಚೆಂಡೆಯ ಸದ್ದು ಗದ್ದೆ ದಾಟಿ ಮನೆಯೊಳಗೆ ಬರುವ ಸೀಮೆ ಇದು. ಭಾಗವತರ ಪದ್ಯವಿಲ್ಲದೆ ವೇಷ ಕುಣಿಯುವುದಿಲ್ಲ ಎಂಬುದನ್ನು ಇಲ್ಲಿನ ಮಕ್ಕಳಿಗೆ ಯಾರೂ ಪಾಠ ಮಾಡಬೇಕಾಗಿಲ್ಲ.

ಹುಡುಗ ಮನೆಬಿಟ್ಟು ಓಡಿಹೋಗಿ ಗುಬ್ಬಿ ವೀರಣ್ಣನವರ ನಾಟಕ ಕಂಪನಿ ಸೇರಿದ. ಕಂಪನಿ ನಾಟಕದಲ್ಲಿ ನಟನಾಗುವುದೆಂದರೆ ಹಾಡುಗಾರನೂ ಆಗುವುದು. ಹಾರ್ಮೋನಿಯಂ ಎದುರು ನಿಂತು ಹಿಂದಿನ ಸಾಲಿಗೆ ಕೇಳುವಂತೆ ಹಾಡಬೇಕು. ಜನ ಒನ್ಸ್ ಮೋರ್ ಎಂದು ಕೂಗಿದರೆ ಸತ್ತ ಪಾತ್ರವೂ ಎದ್ದು ಇನ್ನೊಮ್ಮೆ ಹಾಡಬೇಕು.

ಅದೇ ಕಂಪನಿಯಲ್ಲಿ ಅವರ ಜೊತೆಗಿದ್ದ ಇನ್ನೊಬ್ಬ ಯುವಕ ಮುಂದೆ ಡಾ. ರಾಜ್‌ಕುಮಾರ್ ಎಂದು ಹೆಸರಾದರು. ಇಬ್ಬರೂ 1929ರಲ್ಲಿ ಹುಟ್ಟಿದವರು. ರಾಜ್‌ಕುಮಾರ್ ಸಿನಿಮಾ ಸೇರಿದ ಮೇಲೆ ಎರಡು ದಶಕ ಅವರ ತುಟಿಗೆ ಹೆಚ್ಚಾಗಿ ಪಿ.ಬಿ. ಶ್ರೀನಿವಾಸರ ಕಂಠ ಹೊಂದಿಕೊಂಡಿತ್ತು. 1974ರ 'ಸಂಪತ್ತಿಗೆ ಸವಾಲ್' ನಂತರ ಅವರು ತಮ್ಮ ಹಾಡನ್ನು ತಾವೇ ಹಾಡತೊಡಗಿ, 1992ರ 'ಜೀವನ ಚೈತ್ರ'ಕ್ಕಾಗಿ ಗಾಯಕರೆಂದು ರಾಷ್ಟ್ರಪ್ರಶಸ್ತಿ ಪಡೆದರು. ಒಂದೇ ಕಂಪನಿಯ ಅನ್ನ ಉಂಡ ಇಬ್ಬರು ನಟರು, ಇಬ್ಬರಿಗೂ ಸಂಗೀತದಲ್ಲಿ ದೇಶದ ಮನ್ನಣೆ. ಹಳೆಯ ಕಂಪನಿಗಳನ್ನು ಅಗ್ಗದ ಮನರಂಜನೆಯೆಂದು ತಳ್ಳಿಹಾಕುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಓದಿನ ಆಸೆಯಿದ್ದ ಕಾರಂತರನ್ನು ವೀರಣ್ಣನವರೇ ಬನಾರಸಿಗೆ ಕಳುಹಿಸಿದರು. ಅಲ್ಲಿ ಹಿಂದಿ ಎಂ.ಎ. ಜೊತೆಗೆ ಪಂಡಿತ್ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ತಾನಿ ಸಂಗೀತದ ಅಭ್ಯಾಸವಾಯಿತು. ಅನಂತರ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ, 1962ರಲ್ಲಿ ಪದವಿ. ಯಕ್ಷಗಾನ, ಕಂಪನಿ ಮಟ್ಟು, ಬನಾರಸಿನ ರಾಗ, ಆಧುನಿಕ ರಂಗಶಿಸ್ತು ಈ ನಾಲ್ಕೂ ಒಬ್ಬನಲ್ಲೇ ಕೂಡಿದ ಇನ್ನೊಂದು ಉದಾಹರಣೆ ನಮಗೆ ನೆನಪಿಗೆ ಬರುವುದಿಲ್ಲ.

1972ರಲ್ಲಿ ಬೆಂಗಳೂರಿನಲ್ಲಿ ಅವರು ಆಡಿಸಿದ 'ಜೋಕುಮಾರಸ್ವಾಮಿ', 'ಈಡಿಪಸ್', 'ಸಂಕ್ರಾಂತಿ' ನಾಟಕಗಳಿಂದ ಕನ್ನಡ ರಂಗಭೂಮಿಯ ದಿಕ್ಕೇ ಬದಲಾಯಿತು ಎನ್ನುವುದು ವಾಡಿಕೆ. ನಮ್ಮ ದೃಷ್ಟಿಯಲ್ಲಿ ಬದಲಾದದ್ದು ಮುಖ್ಯವಾಗಿ ಹಾಡಿನ ಸ್ಥಾನ. ಕಂಪನಿಯಲ್ಲಿ ಹಾಡು ಬಂದಾಗ ಕಥೆ ನಿಂತು ಕಾಯುತ್ತಿತ್ತು. ಕಾರಂತರಲ್ಲಿ ಹಾಡೇ ಕಥೆಯನ್ನು ಎಳೆದುಕೊಂಡು ಹೋಯಿತು. ಶ್ರೀರಂಗರ 'ಸತ್ತವರ ನೆರಳು' ನಾಟಕವನ್ನೇ ನೋಡಿ. ಮಠದ ಅಧಿಕಾರಕ್ಕಾಗಿ ನಡೆಯುವ ಸಣ್ಣತನದ ಕಥೆಗೆ ಅವರು ಪುರಂದರದಾಸರ ಕೀರ್ತನೆಗಳನ್ನು ಹೆಣೆದರು. ಭಕ್ತಿಯ ರಾಗ ಕಿವಿಯಲ್ಲಿ, ಗಾದಿಯ ಜಗಳ ಕಣ್ಣೆದುರಿಗೆ. ನಗುತ್ತಾ ಕುಳಿತ ಪ್ರೇಕ್ಷಕ ಒಂದು ಹಂತದಲ್ಲಿ ತನ್ನ ಊರಿನ ಸಮಿತಿಯನ್ನೂ ನೆನಪಿಸಿಕೊಳ್ಳದೆ ಇರಲಾರ. (ನಮ್ಮ ಚರ್ಚ್ ಪಾಲನಾ ಮಂಡಳಿಗಳ ಸದಸ್ಯರು ಬೇಸರಿಸಬಾರದು.)

ವಾದ್ಯಕ್ಕಾಗಿ ಅವರು ಅಂಗಡಿಗೆ ಹೋಗಬೇಕಾಗಿರಲಿಲ್ಲ. ಕೈಗೆ ಸಿಕ್ಕ ಕಲ್ಲು, ತಗಡು, ಕಾಗದದಿಂದಲೂ ನಾದ ಹೊರಡಿಸುತ್ತಿದ್ದರು. ನಟರ ಉಸಿರು, ಕೂಗು, ಪಿಸುಮಾತನ್ನೂ ಸಂಗೀತವೆಂದೇ ಬಳಸುತ್ತಿದ್ದರು. ಪ್ರತಿಭೆಯ ಜೊತೆಗೆ ಒಂದು ದೋಷವೂ ಇತ್ತೆಂದು ವಿಮರ್ಶಕರು ಹೇಳಿದ್ದುಂಟು: ಸಂಗೀತ ಕೆಲವೊಮ್ಮೆ ನಾಟಕದ ಮಾತನ್ನೇ ನುಂಗುತ್ತಿತ್ತು. ಅದು ಪೂರ್ತಿ ಸುಳ್ಳಲ್ಲ. ಆದರೂ ಇಂದು ವಾರ್ಷಿಕ ಹಬ್ಬದ ನಾಟಕಕ್ಕೆ ಮೊಬೈಲಿನಿಂದ ಸಿದ್ಧ ಸಂಗೀತ ಇಳಿಸಿಕೊಳ್ಳುವ ನಮ್ಮ ಯುವಜನರಿಗೆ, ಖರ್ಚಿಲ್ಲದೆ ರಂಗದ ಮೇಲೆಯೇ ಸಂಗೀತ ಹುಟ್ಟಿಸಬಹುದೆಂದು ತೋರಿಸಿದವರು ನಮ್ಮದೇ ತಾಲೂಕಿನವರು ಎಂಬುದು ಗೊತ್ತಿರಲಿ. ರವೀಂದ್ರನಾಥ ಟಾಗೋರರ ಗಿಳಿಯ ಕಥೆಯಿಂದ ಅವರು ರೂಪಿಸಿದ ಮಕ್ಕಳ ನಾಟಕ 'ಪಂಜರ ಶಾಲೆ' ಯಾವ ಶಾಲೆಗೂ ಎಟಕುವಂಥದ್ದು.

ಈಗ 'ಚೋಮನ ದುಡಿ'ಗೆ ಬರೋಣ. ಶಿವರಾಮ ಕಾರಂತರ 1933ರ ಕಾದಂಬರಿಯನ್ನು ಬಿ.ವಿ. ಕಾರಂತರು 1975ರಲ್ಲಿ ಚಿತ್ರ ಮಾಡಿದರು. ಅದು ಆ ವರ್ಷದ ದೇಶದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆಯಿತು. ಚೋಮನಾಗಿ ನಟಿಸಿದ ಎಂ.ವಿ. ವಾಸುದೇವ ರಾವ್ ಅತ್ಯುತ್ತಮ ನಟರೆನಿಸಿದರು. ಈ ಲೇಖನಕ್ಕಾಗಿ ನಾವು ಅದನ್ನು ಮತ್ತೊಮ್ಮೆ ನೋಡಿದೆವು. ಕ್ರೈಸ್ತರಾದ ನಮಗೆ ಅದು ಸುಲಭದ ಚಿತ್ರವಲ್ಲ. ಬೇಸಾಯ ಮಾಡಲು ತುಂಡು ಭೂಮಿ ಬೇಕೆಂದು ಹಂಬಲಿಸುವ ದಲಿತ ಚೋಮನಿಗೆ ಜಾತಿಯ ಕಾರಣದಿಂದ ಅದು ದಕ್ಕುವುದಿಲ್ಲ. ಮಗ ಗುರುವ ತೋಟದ ಕ್ರೈಸ್ತ ಹುಡುಗಿಯನ್ನು ಮೆಚ್ಚಿ ಮತಾಂತರವಾಗುತ್ತಾನೆ. ಮಗಳು ಬೆಳ್ಳಿಯ ಬಡತನವನ್ನು ಬಳಸಿಕೊಳ್ಳುವ ರೈಟರ್ ಮನ್ವೇಲನೂ ಕ್ರೈಸ್ತನೇ. ಭೂಮಿಯ ಆಸೆಯಿಂದ ಚೋಮನೂ ಪಾದ್ರಿಯ ಕಡೆ ಹೆಜ್ಜೆ ಹಾಕುತ್ತಾನೆ. ತನ್ನ ದೈವದ ನೆನಪಾಗಿ ಹಿಂದಿರುಗುತ್ತಾನೆ. ಚರ್ಚು ಅವನಿಗೆ ಭೂಮಿಯಾಗಿ ಕಂಡಿತು, ದೇವರಾಗಿ ಕಾಣಲಿಲ್ಲ. ಇದನ್ನು ನಮ್ಮ ಮೇಲಿನ ಆರೋಪವೆಂದು ಓದಬೇಕಾಗಿಲ್ಲ. ಆದರೆ ಓದದೆ ಬಿಡುವಂತೆಯೂ ಇಲ್ಲ.

ಸಂಗೀತದ ದೃಷ್ಟಿಯಿಂದ ಚಿತ್ರದ ಜೀವ ಆ ದುಡಿಯೇ. ಚೋಮನಿಗೆ ಸ್ವಂತದ್ದೆಂದು ಉಳಿದಿರುವುದು ಅದೊಂದೇ. ಸಿಟ್ಟು ಬಂದರೂ ಬಡಿತ, ಸಂತೋಷವಾದರೂ ಬಡಿತ. ಕೊನೆಗೆ ಎಲ್ಲರನ್ನೂ ಕಳೆದುಕೊಂಡು ಒಬ್ಬನೇ ಮನೆಯೊಳಗೆ ಕುಳಿತು ಬಡಿಯುತ್ತಾ ಬಡಿಯುತ್ತಾ ಪ್ರಾಣ ಬಿಡುತ್ತಾನೆ. ಬಾಲ್ಯದಿಂದ ಚೆಂಡೆ ಕೇಳಿ ಬೆಳೆದವರಿಗೆ ಒಂದು ಚರ್ಮವಾದ್ಯ ಎಷ್ಟು ಮಾತಾಡಬಲ್ಲದೆಂದು ಗೊತ್ತಿರುತ್ತದೆ.

ಆಮೇಲೆ ಅವರ ಕೆಲಸ ಹೊರ ರಾಜ್ಯಗಳಿಗೆ ಹಬ್ಬಿತು. ಬಂಗಾಳದ ಮೃಣಾಲ್ ಸೇನರು ತಮ್ಮ 'ಏಕ್ ದಿನ್ ಪ್ರತಿದಿನ್', 'ಖಾರಿಜ್' ಚಿತ್ರಗಳಿಗೆ ಅವರಿಂದ ಸಂಗೀತ ಮಾಡಿಸಿದರು. 1977ರಿಂದ 1981ರವರೆಗೆ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿದ್ದಾಗ 1979ರಲ್ಲಿ ಷೇಕ್ಸ್‌ಪಿಯರನ 'ಮ್ಯಾಕ್‌ಬೆತ್' ನಾಟಕವನ್ನು 'ಬರ್ನಮ್ ವನ' ಎಂಬ ಹೆಸರಿನಲ್ಲಿ ಯಕ್ಷಗಾನದ ಶೈಲಿಗೆ ತಂದರು. ಕರಾವಳಿಯ ಹೆಜ್ಜೆಯನ್ನು ದೆಹಲಿಯ ಹಿಂದಿ ನಟರು ಕಲಿಯಬೇಕಾಯಿತು. ಭೋಪಾಲದ ಭಾರತ ಭವನದ ರಂಗಮಂಡಲದಲ್ಲಿ ಬುಂದೇಲಿ, ಛತ್ತೀಸ್‌ಗಢಿ ಮುಂತಾದ ನುಡಿಗಳ ನಟರನ್ನು ಬೆಳೆಸಿದರು. 1981ರಲ್ಲಿ ಪದ್ಮಶ್ರೀ ಬಂತು.

ಭೋಪಾಲದ ಅಧ್ಯಾಯ ನೋವಿನಲ್ಲಿ ಮುಗಿಯಿತು. 1986ರಲ್ಲಿ ಅವರ ಮನೆಯಲ್ಲಿ ರಂಗಮಂಡಲದ ನಟಿಯೊಬ್ಬರು ಸುಟ್ಟಗಾಯಗಳಿಗೆ ಒಳಗಾದ ಪ್ರಕರಣದಲ್ಲಿ ಕಾರಂತರ ಬಂಧನವಾಗಿ, ಮೊಕದ್ದಮೆ ನಡೆಯಿತು. ಆ ನಟಿ ಬದುಕುಳಿದರು. ಅವರ ನೋವು ಮೊದಲಿನದು, ಕಾರಂತರ ಕೀರ್ತಿ ಆಮೇಲಿನದು. ಆದ್ದರಿಂದ ಇದನ್ನು ಬಿಟ್ಟು ಜೀವನಚರಿತ್ರೆ ಬರೆಯುವುದು ಸರಿಯೆಂದು ನಮಗೆ ಕಾಣಲಿಲ್ಲ.

ಕರ್ನಾಟಕಕ್ಕೆ ಮರಳಿದ ಅವರಿಗೆ 1989ರಲ್ಲಿ ಮೈಸೂರಿನಲ್ಲಿ ಆರಂಭವಾದ ರಂಗಾಯಣದ ಹೊಣೆ ಬಂತು. ಹೊಸ ಹುಡುಗ ಹುಡುಗಿಯರಿಗೆ ಮೊದಲಿನಿಂದ ಕಲಿಸಿದರು, 1995ರವರೆಗೆ ಅಲ್ಲಿದ್ದರು. ಪತ್ನಿ ಪ್ರೇಮಾ ಕಾರಂತರೂ ರಂಗಭೂಮಿ ಮತ್ತು ಚಿತ್ರರಂಗದಲ್ಲಿ ಸ್ವಂತ ಹೆಸರು ಗಳಿಸಿದವರು. ಬೆಂಗಳೂರಿನ 'ಬೆನಕ' ತಂಡ ಈ ದಂಪತಿಯ ಬದುಕಿನ ಭಾಗವೇ ಆಗಿತ್ತು.

ಕೊನೆಯಲ್ಲಿ ಕ್ಯಾನ್ಸರ್ ಅವರನ್ನು ಹಿಡಿಯಿತು. ತಮ್ಮ ಕಥೆಯನ್ನು ಅವರು ಕುಂದಾಪುರ ಮೂಲದ ಲೇಖಕಿ ವೈದೇಹಿಯವರಿಗೆ ಹೇಳಿ ಬರೆಸಿದರು. 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ' ಎಂಬ ಆ ಪುಸ್ತಕ ಅವರ ಮರಣಾನಂತರ ಪ್ರಕಟವಾಯಿತು. 2002ರ ಸೆಪ್ಟೆಂಬರ್ 1ರಂದು ಬೆಂಗಳೂರಿನಲ್ಲಿ ಅವರು ನಿಧನರಾದರು. ಎಪ್ಪತ್ತಮೂರು ತುಂಬಲು ಹದಿನೆಂಟು ದಿನ ಬಾಕಿಯಿತ್ತು.