ಗ್ಯಾರಿ ಗೈಗ್ಯಾಕ್ಸ್

ಅರ್ನೆಸ್ಟ್ ಗ್ಯಾರಿ ಗೈಗ್ಯಾಕ್ಸ್ (ಜುಲೈ 27, 1938 – ಮಾರ್ಚ್ 4, 2008) ಅಮೆರಿಕದ ಆಟ ವಿನ್ಯಾಸಕಾರರು ಹಾಗೂ ಲೇಖಕರು. ಡೇವ್ ಆರ್ನೆಸನ್ ಅವರೊಡನೆ ಸೇರಿ ಇವರು ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಪ್ರಕಟವಾಯಿತು. ಮೇಜಿನ ಸುತ್ತ ಕುಳಿತು ಆಡುವ ಪಾತ್ರಧಾರಣೆಯ ಆಟಗಳ ಪೈಕಿ ಮುದ್ರಣಗೊಂಡು ಮಾರಾಟಕ್ಕೆ ಬಂದ ಮೊದಲ ಆಟವೆಂದು ಇದನ್ನು ಪರಿಗಣಿಸಲಾಗಿದೆ. ತಾವೇ ಸ್ಥಾಪಿಸಿದ ಸಂಸ್ಥೆಯಿಂದ 1986ರಲ್ಲಿ ಹೊರಬಂದ ಗೈಗ್ಯಾಕ್ಸ್ ಅವರಿಗೆ ಈ ಆಟದ ಮೇಲಿನ ಹಿಡಿತ ತಪ್ಪಿತು. 2000ದ ನಂತರ ಹಳೆಯ ಆವೃತ್ತಿಗಳನ್ನು ಹುಡುಕಿ ಆಡುವ ಒಲವು ಬೆಳೆದಂತೆ, 1970ರ ದಶಕದ ಇವರ ಬರಹಗಳಿಗೆ ಹೊಸ ತಲೆಮಾರಿನ ಓದುಗರು ದೊರೆತರು.

ಆಟದ ಸ್ವರೂಪ

ಪಗಡೆ ಅಥವಾ ಚದುರಂಗದಂತೆ ಈ ಆಟಕ್ಕೆ ಗೊತ್ತಾದ ಹಾಸು ಇಲ್ಲ. ಒಬ್ಬರು ನಿರ್ಣಾಯಕರಾಗಿ ಕಾಲ್ಪನಿಕ ಲೋಕವೊಂದನ್ನು ಮಾತಿನಲ್ಲಿ ವರ್ಣಿಸುತ್ತಾರೆ. ಉಳಿದವರು ಯೋಧ, ಮಾಂತ್ರಿಕ, ಪುರೋಹಿತ ಮುಂತಾದ ಒಂದೊಂದು ಪಾತ್ರವನ್ನು ವಹಿಸಿ, ತಮ್ಮ ಪಾತ್ರ ಏನು ಮಾಡುತ್ತದೆ ಎಂಬುದನ್ನು ಹೇಳುತ್ತಾರೆ. ಪರಿಣಾಮ ಅನಿಶ್ಚಿತವಾದಾಗ ದಾಳ ಉರುಳಿಸಿ ತೀರ್ಮಾನಿಸಲಾಗುತ್ತದೆ. ಇಲ್ಲಿ ಕೊನೆಯ ಗೆಲುವು ಸೋಲುಗಳಿಲ್ಲ. ಒಂದೇ ಕಥೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮುಂದುವರಿಯುವುದುಂಟು.

ಜನನ ಮತ್ತು ಬಾಲ್ಯ

ಗೈಗ್ಯಾಕ್ಸ್ ಶಿಕಾಗೋ ನಗರದಲ್ಲಿ ಜನಿಸಿದರು. ತಂದೆ ಅರ್ನ್ಸ್ಟ್ ಗೈಗ್ಯಾಕ್ಸ್ ಸ್ವಿಟ್ಜರ್ಲೆಂಡಿನಿಂದ ವಲಸೆ ಬಂದವರು, ಪಿಟೀಲು ವಾದಕರು. ನಟ ಗ್ಯಾರಿ ಕೂಪರ್ ಅವರ ಹೆಸರಿನಿಂದ ಬಂದ ಗ್ಯಾರಿ ಎಂಬುದೇ ಮನೆಯಲ್ಲಿಯೂ ಹೊರಗೂ ಬಳಕೆಗೆ ಬಂತು. 1946ರಲ್ಲಿ ಕುಟುಂಬ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿಗೆ, ತಾಯಿಯ ತವರಿನವರಿದ್ದ ಕಡೆಗೆ, ನೆಲೆ ಬದಲಿಸಿತು. ತಂದೆ ಹೇಳುತ್ತಿದ್ದ ಅದ್ಭುತ ಕಥೆಗಳು, ಇಸ್ಪೀಟು ಮತ್ತು ಚದುರಂಗದ ಆಟ, ರಾಬರ್ಟ್ ಇ. ಹೊವರ್ಡ್, ಜ್ಯಾಕ್ ವ್ಯಾನ್ಸ್, ಫ್ರಿಟ್ಜ್ ಲೈಬರ್ ಮೊದಲಾದವರ ಕಥೆಗಳ ಓದು ಬಾಲಕನ ಕಲ್ಪನೆಯನ್ನು ಬೆಳೆಸಿದವು. ಪ್ರೌಢಶಾಲೆಯ ಶಿಕ್ಷಣವನ್ನು ಇವರು ಪೂರೈಸಲಿಲ್ಲ. ತಂದೆ 1956ರಲ್ಲಿ ತೀರಿಕೊಂಡರು. 1958ರಲ್ಲಿ ಮೇರಿ ಜೋ ಪೊವೆಲ್ ಅವರನ್ನು ವಿವಾಹವಾದ ಗೈಗ್ಯಾಕ್ಸ್, ಶಿಕಾಗೋದ ವಿಮಾ ಸಂಸ್ಥೆಯೊಂದರಲ್ಲಿ ನೌಕರಿ ಮಾಡುತ್ತ ಐವರು ಮಕ್ಕಳ ಸಂಸಾರವನ್ನು ನಡೆಸಿದರು.

ಯುದ್ಧಾಟಗಳಿಂದ ಹೊಸ ಆಟಕ್ಕೆ

1960ರ ದಶಕದಲ್ಲಿ ಇವರ ಬಿಡುವಿನ ವೇಳೆ ಯುದ್ಧಾಟಗಳಿಗೆ ಮೀಸಲಾಗಿತ್ತು. ಪುಟ್ಟ ಸೈನಿಕ ಗೊಂಬೆಗಳನ್ನು ಮೇಜಿನ ಮೇಲೆ ನಿಲ್ಲಿಸಿ ಐತಿಹಾಸಿಕ ಕಾಳಗಗಳನ್ನು ಆಡುವ ಹವ್ಯಾಸವಿದು. 1968ರಲ್ಲಿ ಲೇಕ್ ಜಿನೀವಾದ ತೋಟಗಾರಿಕಾ ಭವನವನ್ನು 50 ಡಾಲರಿಗೆ ಬಾಡಿಗೆ ಹಿಡಿದು, ಹವ್ಯಾಸಿಗಳ ಒಂದು ದಿನದ ಮೇಳವನ್ನು ಏರ್ಪಡಿಸಿದರು. ಊರಿನ ಹೆಸರನ್ನೂ ಯುದ್ಧನಿಯಮಗಳ ಜಿನೀವಾ ಒಪ್ಪಂದವನ್ನೂ ಒಟ್ಟಿಗೆ ಸೂಚಿಸುವ ಶ್ಲೇಷೆಯಾಗಿ ಅದು ‘ಜೆನ್ ಕಾನ್’ ಎನಿಸಿತು. ಮುಂದಿನ ವರ್ಷದ ಮೇಳದಲ್ಲಿ ಮಿನ್ನೆಸೋಟಾದ ಯುವಕ ಡೇವ್ ಆರ್ನೆಸನ್ ಅವರ ಪರಿಚಯವಾಯಿತು.

1970ರಲ್ಲಿ ವಿಮಾ ಸಂಸ್ಥೆಯ ಕೆಲಸ ಹೋದಾಗ ಜೀವನೋಪಾಯಕ್ಕಾಗಿ ಗೈಗ್ಯಾಕ್ಸ್ ಪಾದರಕ್ಷೆಗಳನ್ನು ದುರಸ್ತಿ ಮಾಡುವ ಕೆಲಸ ಹಿಡಿದರು. 1971ರಲ್ಲಿ ಜೆಫ್ ಪೆರೆನ್ ಅವರೊಡನೆ ಸಿದ್ಧಪಡಿಸಿದ ‘ಚೈನ್‌ಮೇಲ್’ ಎಂಬ ಮಧ್ಯಯುಗೀನ ಯುದ್ಧಾಟದ ನಿಯಮಾವಳಿ ಪ್ರಕಟವಾಯಿತು. ಮಾಂತ್ರಿಕರು ಮತ್ತು ರಾಕ್ಷಸರಿಗೆ ಸಂಬಂಧಿಸಿದ ಅನುಬಂಧವೊಂದು ಅದರಲ್ಲಿತ್ತು. ಆರ್ನೆಸನ್ ಆ ನಿಯಮಗಳ ಕೆಲವಂಶಗಳನ್ನು ತಮ್ಮ ‘ಬ್ಲ್ಯಾಕ್‌ಮೂರ್’ ಆಟದಲ್ಲಿ ಬಳಸಿದರು. ಅಲ್ಲಿ ಪ್ರತಿಯೊಬ್ಬ ಆಟಗಾರನೂ ಸೈನ್ಯದ ಬದಲು ಒಬ್ಬನೇ ವ್ಯಕ್ತಿಯನ್ನು ನಡೆಸುತ್ತ, ಕೋಟೆಯ ಕೆಳಗಿನ ಸುರಂಗಗಳನ್ನು ಶೋಧಿಸುತ್ತಿದ್ದನು. ಅನುಭವ ಗಳಿಸಿದಂತೆ ಪಾತ್ರದ ಬಲ ಹೆಚ್ಚುತ್ತಿತ್ತು.

1972ರ ಕೊನೆಯಲ್ಲಿ ಆರ್ನೆಸನ್ ಲೇಕ್ ಜಿನೀವಾಕ್ಕೆ ಬಂದು ಈ ಆಟವನ್ನು ಆಡಿ ತೋರಿಸಿದರು. ಅದರ ಸಾಧ್ಯತೆಯನ್ನು ಕಂಡ ಗೈಗ್ಯಾಕ್ಸ್, ‘ಗ್ರೇಹಾಕ್’ ಎಂಬ ತಮ್ಮದೇ ಕೋಟೆಯನ್ನು ಕಲ್ಪಿಸಿ ಮಕ್ಕಳಾದ ಅರ್ನಿ ಮತ್ತು ಎಲೀಸ್ ಅವರಿಗೆ ಮೊದಲು ಆಡಿಸಿದರು. ಬಳಿಕ ಬೆರಳಚ್ಚು ಯಂತ್ರದ ಮುಂದೆ ಕುಳಿತು ನಿಯಮಗಳನ್ನು ಕ್ರಮವಾಗಿ ಬರೆದರು. ಸುಮಾರು 50 ಪುಟಗಳ ಮೊದಲ ಕರಡು ಬೆಳೆದು 150 ಪುಟಗಳಾಯಿತು. ಗಣಿತ ಬೋಧನೆಗೆಂದು ಶಾಲೆಗಳಿಗೆ ಮಾರಾಟವಾಗುತ್ತಿದ್ದ ನಾಲ್ಕು, ಎಂಟು, ಹನ್ನೆರಡು, ಇಪ್ಪತ್ತು ಮುಖಗಳ ದಾಳಗಳು ಈ ಆಟಕ್ಕೆ ಒದಗಿದವು.

ಪ್ರಕಟಣೆ ಮತ್ತು ಬೆಳವಣಿಗೆ

ಪ್ರಕಾಶಕರು ಹಸ್ತಪ್ರತಿಯನ್ನು ಒಪ್ಪದಿದ್ದಾಗ, 1973ರ ಅಕ್ಟೋಬರಿನಲ್ಲಿ ಗೈಗ್ಯಾಕ್ಸ್ ಮತ್ತು ಬಾಲ್ಯಸ್ನೇಹಿತ ಡಾನ್ ಕೇ ತಲಾ 1,000 ಡಾಲರ್ ಹೂಡಿ ಟಿಎಸ್‌ಆರ್ ಸಂಸ್ಥೆಯನ್ನು ಆರಂಭಿಸಿದರು. ಮುದ್ರಣಕ್ಕೆ ಹಣ ಸಾಲದೆ ಬ್ರಯಾನ್ ಬ್ಲೂಮ್ ಪಾಲುದಾರರಾಗಿ ಸೇರಿಕೊಂಡರು. 1974ರ ಜನವರಿಯಲ್ಲಿ ಮೂರು ಕಿರುಪುಸ್ತಿಕೆಗಳ ಪೆಟ್ಟಿಗೆಯಾಗಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರಬಂತು. ಕೈಯಿಂದಲೇ ಜೋಡಿಸಿದ 1,000 ಪ್ರತಿಗಳೂ ಒಂದು ವರ್ಷ ತುಂಬುವುದರೊಳಗೆ ಮುಗಿದವು. 1975ರ ಆರಂಭದಲ್ಲಿ ಡಾನ್ ಕೇ ಹೃದಯಾಘಾತದಿಂದ ನಿಧನರಾದರು. ಅವರ ಪಾಲಿನ ಷೇರುಗಳನ್ನು ಕೊಳ್ಳುವ ಶಕ್ತಿ ಗೈಗ್ಯಾಕ್ಸ್ ಅವರಿಗಿರಲಿಲ್ಲ. ಬ್ಲೂಮ್ ಕುಟುಂಬ ಬಂಡವಾಳ ತೊಡಗಿಸಿತು, ಸಂಸ್ಥೆಯ ಬಹುಮತ ಅವರ ಕೈಸೇರಿತು. ಹತ್ತು ವರ್ಷಗಳ ನಂತರದ ಬೆಳವಣಿಗೆಗಳಿಗೆ ಇದೇ ಮೂಲವಾಯಿತು.

ಮೊದಲ ಪುಸ್ತಿಕೆಗಳು ಸಂಕ್ಷಿಪ್ತವಾಗಿದ್ದವು, ಅಲ್ಲಲ್ಲಿ ಅಸ್ಪಷ್ಟವೂ ಆಗಿದ್ದವು. ಒಂದೊಂದು ಊರಿನವರು ಒಂದೊಂದು ರೀತಿ ಆಡುತ್ತಿದ್ದರು. ಎಲ್ಲೆಡೆ ಒಂದೇ ಬಗೆಯ ನಿಯಮಗಳಿರಬೇಕೆಂದು ಬಯಸಿದ ಗೈಗ್ಯಾಕ್ಸ್, ‘ಅಡ್ವಾನ್ಸ್ಡ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ವಿಸ್ತೃತ ಆವೃತ್ತಿಯನ್ನು ರಚಿಸಿದರು. ಇದರ ಮೂರು ಗ್ರಂಥಗಳು 1977, 1978 ಮತ್ತು 1979ರಲ್ಲಿ ಬಂದವು. ನಿರ್ಣಾಯಕರಿಗಾಗಿ ಬರೆದ ಮೂರನೆಯ ಗ್ರಂಥ ಇವರ ಪ್ರಮುಖ ಕೃತಿ. ತಮ್ಮ ಮೇಲೆ ಪ್ರಭಾವ ಬೀರಿದ ಲೇಖಕರ ಪಟ್ಟಿಯನ್ನು ಅದರ ಅನುಬಂಧದಲ್ಲಿ ಕೊಟ್ಟಿದ್ದಾರೆ.

ವಿವಾದಗಳು

ವಿಸ್ತೃತ ಆವೃತ್ತಿಯು ಬೇರೆಯೇ ಆಟವೆಂಬುದು ಸಂಸ್ಥೆಯ ನಿಲುವಾದುದರಿಂದ ಆರ್ನೆಸನ್ ಅವರಿಗೆ ಗೌರವಧನದ ಪ್ರಶ್ನೆ ಎದುರಾಯಿತು. ಅವರು 1979ರಲ್ಲಿ ಮೊಕದ್ದಮೆ ಹೂಡಿದರು. 1981ರಲ್ಲಿ ನ್ಯಾಯಾಲಯದ ಹೊರಗೆ ರಾಜಿಯಾಯಿತು. ಪಾತ್ರಧಾರಣೆಯ ಮೂಲ ಕಲ್ಪನೆ ಆರ್ನೆಸನ್ ಅವರದು, ಅದನ್ನು ಇತರರೂ ಆಡಬಲ್ಲ ಗ್ರಂಥವಾಗಿಸಿದ್ದು ಗೈಗ್ಯಾಕ್ಸ್ ಎಂಬ ಅಭಿಪ್ರಾಯ ವ್ಯಾಪಕವಾಗಿದ್ದರೂ, ಯಾರ ಪಾಲು ಎಷ್ಟೆಂಬ ಚರ್ಚೆ ಇಂದಿಗೂ ನಿಂತಿಲ್ಲ.

1979ರಲ್ಲಿ ಮಿಷಿಗನ್‌ನ ವಿದ್ಯಾರ್ಥಿಯೊಬ್ಬ ಕಾಣೆಯಾದಾಗ ಪತ್ರಿಕೆಗಳು ಈ ಆಟವನ್ನು ಕಾರಣವೆಂದು ಊಹಿಸಿದವು. ಆ ಊಹೆ ನಿರಾಧಾರವೆಂದು ಮುಂದೆ ತಿಳಿದರೂ, ಆಟವು ಮಕ್ಕಳನ್ನು ಮಾಟಮಂತ್ರಗಳತ್ತ ಸೆಳೆಯುತ್ತದೆಂಬ ಆರೋಪ 1980ರ ದಶಕದುದ್ದಕ್ಕೂ ಉಳಿಯಿತು. 1985ರಲ್ಲಿ ಗೈಗ್ಯಾಕ್ಸ್ ದೂರದರ್ಶನ ಕಾರ್ಯಕ್ರಮವೊಂದರಲ್ಲಿ ಆಟವನ್ನು ಸಮರ್ಥಿಸಿಕೊಂಡರು. ಸ್ತ್ರೀ ಪಾತ್ರಗಳ ದೇಹಬಲಕ್ಕೆ ಮಿತಿ ಹಾಕಿದ ಇವರ ನಿಯಮವೂ ಟೀಕೆಗೆ ಗುರಿಯಾಗಿದೆ.

ಸಂಸ್ಥೆಯಿಂದ ನಿರ್ಗಮನ

1983ರಿಂದ ಗೈಗ್ಯಾಕ್ಸ್ ಆಟವನ್ನು ಆಧರಿಸಿದ ದೂರದರ್ಶನ ಧಾರಾವಾಹಿಯ ಕೆಲಸಕ್ಕಾಗಿ ಹಾಲಿವುಡ್‌ನಲ್ಲಿ ನೆಲೆಸಿದ್ದರು. ಅದೇ ವೇಳೆಗೆ ಸಂಸ್ಥೆ ಸಾಲದಲ್ಲಿ ಸಿಲುಕಿತ್ತು. ಹಿಂದಿರುಗಿ ಆಡಳಿತವನ್ನು ಸರಿಪಡಿಸಲು ಯತ್ನಿಸಿದರಾದರೂ, 1985ರಲ್ಲಿ ಬ್ಲೂಮ್ ಕುಟುಂಬದ ಷೇರುಗಳು ಲೊರೇನ್ ವಿಲಿಯಮ್ಸ್ ಅವರ ಪಾಲಾದವು. ಗೈಗ್ಯಾಕ್ಸ್ ಅಧ್ಯಕ್ಷ ಸ್ಥಾನವನ್ನು ಕಳೆದುಕೊಂಡರು. ನ್ಯಾಯಾಲಯದಲ್ಲಿಯೂ ಸೋತು, ತಮ್ಮ ಷೇರುಗಳನ್ನು ಮಾರಿ 1986ರ ಅಂತ್ಯದಲ್ಲಿ ಹೊರಬಂದರು. ಮೊದಲ ವಿವಾಹ ವಿಚ್ಛೇದನದಲ್ಲಿ ಕೊನೆಗೊಂಡು, 1987ರಲ್ಲಿ ಗೇಲ್ ಕಾರ್ಪೆಂಟರ್ ಅವರನ್ನು ವರಿಸಿದರು. ಈ ದಾಂಪತ್ಯದಲ್ಲಿ ಒಬ್ಬ ಮಗನಿದ್ದಾನೆ. 1992ರಲ್ಲಿ ಪ್ರಕಟಿಸಿದ ‘ಡೇಂಜರಸ್ ಜರ್ನೀಸ್’ ಎಂಬ ಹೊಸ ಆಟದ ಮೇಲೂ ಟಿಎಸ್‌ಆರ್ ದಾವೆ ಹೂಡಿತು. ರಾಜಿಯ ಬಳಿಕ ಅದರ ಹಕ್ಕುಗಳೂ ಟಿಎಸ್‌ಆರ್‌ಗೇ ಸೇರಿದವು.

ಹಳೆಯ ಆವೃತ್ತಿಗಳ ಪುನರುಜ್ಜೀವನ

ಗೈಗ್ಯಾಕ್ಸ್ ನಿರ್ಗಮನದ ನಂತರ, 1989ರಲ್ಲಿ, ಎರಡನೆಯ ಆವೃತ್ತಿ ಬಂತು. 1997ರಲ್ಲಿ ಟಿಎಸ್‌ಆರ್ ಅನ್ನು ವಿಝರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆ ಕೊಂಡಿತು. 2000ದಲ್ಲಿ ಮೂರನೆಯ ಆವೃತ್ತಿಯೊಡನೆ, ನಿಯಮಗಳ ಬಹುಭಾಗವನ್ನು ಯಾರು ಬೇಕಾದರೂ ಬಳಸಿ ಪ್ರಕಟಿಸಬಹುದಾದ ಮುಕ್ತ ಪರವಾನಗಿಯನ್ನು ಅದು ನೀಡಿತು. ಅಮೆರಿಕದ ಕಾನೂನಿನಲ್ಲಿ ಕೃತಿಸ್ವಾಮ್ಯ ಬರವಣಿಗೆಗೆ ಅನ್ವಯಿಸುತ್ತದೆ, ಆಡುವ ವಿಧಾನಕ್ಕಲ್ಲ. ಈ ಎರಡರ ನೆರವಿನಿಂದ, ಮಾರುಕಟ್ಟೆಯಿಂದ ಮರೆಯಾಗಿದ್ದ ಹಳೆಯ ಆಟಗಳನ್ನು ಅಭಿಮಾನಿಗಳು ಬೇರೆ ಮಾತುಗಳಲ್ಲಿ ಮತ್ತೆ ಬರೆದರು. 2006ರ ‘ಓಸ್ರಿಕ್’ ವಿಸ್ತೃತ ಆಟದ ಮೊದಲ ಆವೃತ್ತಿಯನ್ನೂ, 2007ರ ‘ಲ್ಯಾಬಿರಿಂತ್ ಲಾರ್ಡ್’ ಟಾಮ್ ಮೋಲ್ಡ್‌ವೇ ಮತ್ತು ಡೇವಿಡ್ ಕುಕ್ ಸಂಪಾದಿಸಿದ 1981ರ ಸರಳ ಆವೃತ್ತಿಯನ್ನೂ, 2008ರ ‘ಸ್ವೋರ್ಡ್ಸ್ ಅಂಡ್ ವಿಝರ್ಡ್ರಿ’ 1974ರ ಮೂಲ ಆಟವನ್ನೂ ಅನುಸರಿಸಿದವು.

ಹೊಸ ಆವೃತ್ತಿಗಳಲ್ಲಿ ಪ್ರತಿಯೊಂದು ಸಂದರ್ಭಕ್ಕೂ ಲಿಖಿತ ನಿಯಮವಿರುತ್ತದೆ. ಹಳೆಯದರಲ್ಲಿ ಬಹಳಷ್ಟು ವಿಷಯಗಳು ನಿರ್ಣಾಯಕರ ವಿವೇಚನೆಗೂ ಆಟಗಾರರ ಜಾಣ್ಮೆಗೂ ಬಿಟ್ಟಿದ್ದವು. ಪಾತ್ರಗಳು ಸುಲಭವಾಗಿ ಸಾಯುತ್ತಿದ್ದವು. ಕಾದಾಟಕ್ಕಿಂತ ನಿಧಿಯನ್ನು ಹೊತ್ತು ತರುವುದರಿಂದ ಹೆಚ್ಚು ಅನುಭವಾಂಕಗಳು ದೊರೆಯುತ್ತಿದ್ದುದರಿಂದ, ಉಪಾಯದಿಂದ ಅಪಾಯವನ್ನು ತಪ್ಪಿಸುವುದೇ ಲಾಭಕರವಾಗಿತ್ತು. ಏಕರೂಪತೆಗಾಗಿ ಗೈಗ್ಯಾಕ್ಸ್ ತಾವೇ ತಿದ್ದಲು ಹೊರಟಿದ್ದ ಆ ಸಡಿಲತೆಯನ್ನೇ ಮುಂದಿನವರು ಗುಣವೆಂದು ಕಂಡರು.

ಗೈಗ್ಯಾಕ್ಸ್ ಸಹ ಈ ಮರಳುವಿಕೆಯಲ್ಲಿ ಭಾಗಿಯಾದರು. ಗ್ರೇಹಾಕ್ ಎಂಬ ಹೆಸರು ಪರರ ಸ್ವತ್ತಾಗಿದ್ದುದರಿಂದ, ಮಕ್ಕಳಿಗಾಗಿ ಕಲ್ಪಿಸಿದ್ದ ಕೋಟೆಯನ್ನು ‘ಕ್ಯಾಸಲ್ ಝಾಗಿಗ್’ ಎಂಬ ಬೇರೆ ಹೆಸರಿನಲ್ಲಿ ಪ್ರಕಟಿಸತೊಡಗಿದರು. ಝಾಗಿಗ್ ಎಂಬುದು ಗೈಗ್ಯಾಕ್ಸ್ ಎಂಬ ಹೆಸರನ್ನು ಹೆಚ್ಚುಕಡಿಮೆ ತಿರುಗಿಸಿ ಮಾಡಿದ್ದು. ಮೊದಲ ಸಂಪುಟ 2005ರಲ್ಲಿ ಬಂತು. ಯೋಜನೆ ಇವರ ಜೀವಿತಾವಧಿಯಲ್ಲಿ ಪೂರ್ಣಗೊಳ್ಳಲಿಲ್ಲ.

ನಿಧನ ಮತ್ತು ಸ್ಮರಣೆ

2004ರಲ್ಲಿ ಪಾರ್ಶ್ವವಾಯುವಿಗೆ ತುತ್ತಾದ ಗೈಗ್ಯಾಕ್ಸ್, 2008ರ ಮಾರ್ಚ್ 4ರಂದು ಲೇಕ್ ಜಿನೀವಾದ ಸ್ವಗೃಹದಲ್ಲಿ 69ನೆಯ ವಯಸ್ಸಿನಲ್ಲಿ ನಿಧನರಾದರು. ಅಂತ್ಯಕ್ರಿಯೆಗೆ ಬಂದವರು ಬಳಿಕ ಒಟ್ಟಿಗೆ ಕುಳಿತು ಆಟವಾಡಿದರು. ಆ ಕೂಟವೇ ‘ಗ್ಯಾರಿ ಕಾನ್’ ಎಂಬ ವಾರ್ಷಿಕ ಮೇಳವಾಯಿತು. ಆರ್ನೆಸನ್ 2009ರಲ್ಲಿ ತೀರಿಕೊಂಡರು. 2012ರಲ್ಲಿ ವಿಝರ್ಡ್ಸ್ ಸಂಸ್ಥೆ ವಿಸ್ತೃತ ಆಟದ ಮೊದಲ ಆವೃತ್ತಿಯ ಮೂರು ಗ್ರಂಥಗಳನ್ನು ಮರುಮುದ್ರಿಸಿ, ಮಾರಾಟದ ಹಣದ ಒಂದು ಭಾಗವನ್ನು ಗೈಗ್ಯಾಕ್ಸ್ ಸ್ಮಾರಕ ನಿಧಿಗೆ ನೀಡಿತು. 2013ರಲ್ಲಿ 1974ರ ಮೂಲ ಪುಸ್ತಿಕೆಗಳು ಮರದ ಪೆಟ್ಟಿಗೆಯಲ್ಲಿ ಮತ್ತೆ ಬಂದವು.